38 ಎನ್ನುವುದು ಯಾವುದರ ಅಳತೆ?

ರಿವಾಲ್ವರಿನ ಕ್ಯಾಲಿಬರ್, ಅಂದರೆ ಗುಂಡು ಮತ್ತು ನಳಿಗೆಯ ಗಾತ್ರ, ಬದಲಾಯಿಸುವ ಮಾತು ಬಂದಾಗಲೆಲ್ಲ, ಹಳೆಯ ಬಂದೂಕುಗಳ ಹುಚ್ಚು ಹಚ್ಚಿಕೊಂಡಿರುವ ನನ್ನ ಗೆಳೆಯರು ಅದು ಒಂದು ಸಿಲಿಂಡರ್ ಬಿಚ್ಚಿ ಇನ್ನೊಂದನ್ನು ಕೂಡಿಸುವಷ್ಟೇ ಕೆಲಸವೆಂಬಂತೆ ಮಾತನಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. 1868ರಿಂದ 1873ರವರೆಗಿನ ಐದಾರು ವರ್ಷಗಳಲ್ಲಿ ಅಮೆರಿಕದ ಕೋಲ್ಟ್ ಕಾರ್ಖಾನೆ ತನ್ನ ಹಳೆಯ ರಿವಾಲ್ವರುಗಳನ್ನು ತೋಟಾ ಹಾಕುವಂತೆ ಮಾರ್ಪಡಿಸಿದ ಕಥೆಯನ್ನು ತಿಳಿದವರಿಗೆ, ಇಂದಿಗೂ ನಾವು .38 ಎಂದೋ .44 ಎಂದೋ ಹೇಳುವ ಸಂಖ್ಯೆಗಳು ಏಕೆ ಅಳತೆಗೆ ಸರಿಹೊಂದುವುದಿಲ್ಲ ಎಂಬುದು ಅರ್ಥವಾಗುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸುವುದು ಸುಲಭ. ನಮ್ಮಲ್ಲಿ ಕೇಪಿನ ಕೋವಿ ಬೇರೆ, ತೋಟಾ ಕೋವಿ ಬೇರೆ. ಕೇಪಿನ ಕೋವಿಗೆ ಮಸಿಯನ್ನೂ (ಸಿಡಿಮದ್ದು) ಗುಂಡನ್ನೂ ಮುಂದಿನಿಂದ ತುಂಬಿ, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯಬೇಕು. ತೋಟಾದಲ್ಲಿ ಈ ಮೂರೂ ಒಂದೇ ತಗಡಿನ ಕೊಳವೆಯಲ್ಲಿ ಸೇರಿರುತ್ತವೆ. ಕೋಲ್ಟ್ ಕಂಪನಿಯ 1851ರ ನೇವಿ ಮತ್ತು 1860ರ ಆರ್ಮಿ ರಿವಾಲ್ವರುಗಳು ಇದೇ ಬಗೆಯವು. ಸಿಲಿಂಡರಿನ ಆರು ಕೋಣೆಗಳಿಗೂ ಮಸಿ, ಗುಂಡು ತುಂಬಿ, ಹಿಂದೆ ಆರು ಕೇಪುಗಳನ್ನು ಕೂಡಿಸಬೇಕಿತ್ತು. ಇವು ಸಿಂಗಲ್ ಆ್ಯಕ್ಷನ್ ಆಗಿದ್ದವು, ಅಂದರೆ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆ) ಹಿಂದಕ್ಕೆಳೆಯಬೇಕು, ಆ ಎಳೆತವೇ ಸಿಲಿಂಡರನ್ನು ಒಂದು ಕೋಣೆಯಷ್ಟು ತಿರುಗಿಸುತ್ತದೆ. ಒಳಗಿನ ಯಂತ್ರ ಇಷ್ಟು ಸರಳವಾಗಿದ್ದುದರಿಂದಲೇ ಅದನ್ನು ಹೆಚ್ಚು ಮುಟ್ಟದೆ ಸಿಲಿಂಡರು, ನಳಿಗೆಗಳ ಕಡೆ ಮಾತ್ರ ಕೈಹಾಕಲು ಸಾಧ್ಯವಾಯಿತೆಂದು ನಾನು ನಂಬುತ್ತೇನೆ.

ಆದರೆ ಕೈಹಾಕಲು ಕಾನೂನು ಬಿಡಲಿಲ್ಲ. ಸಿಲಿಂಡರನ್ನು ಆರಪಾರ ಕೊರೆದು ಹಿಂದಿನಿಂದ ತೋಟಾ ತುಂಬುವ ವಿಧಾನಕ್ಕೆ ರೋಲಿನ್ ವೈಟ್ ಎಂಬಾತ 1855ರ ಏಪ್ರಿಲ್ 3ರಂದು ಅಮೆರಿಕದ ಪೇಟೆಂಟ್ ಪಡೆದಿದ್ದ. ಮರುವರ್ಷ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಒಂದು ರಿವಾಲ್ವರಿಗೆ 25 ಸೆಂಟ್‌ಗಳ ರಾಯಧನ ಒಪ್ಪಿಕೊಂಡು ಆ ಹಕ್ಕನ್ನು ಪಡೆಯಿತು. ಜೊತೆಗೆ, ಪೇಟೆಂಟಿನ ರಕ್ಷಣೆಗೆ ಕೋರ್ಟು ಕಚೇರಿ ಅಲೆಯುವ ಖರ್ಚೆಲ್ಲ ವೈಟನದೇ ಎಂಬ ಷರತ್ತನ್ನೂ ಬರೆಸಿಕೊಂಡಿತು. ವೈಟನನ್ನು ಕಾಲಕ್ಕಿಂತ ಮುಂದಿದ್ದ ಪ್ರತಿಭಾವಂತನೆಂದು ಹೊಗಳುವವರಿದ್ದಾರೆ, ನಾನು ಒಪ್ಪಲಾರೆ. ಅವನು ತನ್ನ ಪೇಟೆಂಟಿನಲ್ಲಿ ಬರೆದು ತೋರಿಸಿದ ಬಂದೂಕು ಬಳಕೆಗೆ ಬರುವಂಥದ್ದಾಗಿರಲಿಲ್ಲ. ಫ್ರಾನ್ಸಿನಲ್ಲಿ ಯೂಜೀನ್ ಲೆಫೋಶೆ ಹಿಂದಿನಿಂದ ತೋಟಾ ತುಂಬುವ ರಿವಾಲ್ವರನ್ನು 1854ರಲ್ಲಿಯೇ ಮಾಡಿದ್ದ. ಆದರೂ ಅಂತರ್ಯುದ್ಧದ ನಾಲ್ಕು ವರ್ಷವೂ ಅಮೆರಿಕದ ಬಹುಪಾಲು ಸವಾರರು ಮಸಿ, ಕೇಪುಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಪೇಟೆಂಟ್ 1869ರಲ್ಲಿ ಮುಗಿಯಿತು. ಅವಧಿ ವಿಸ್ತರಿಸಲು ದಾರಿ ಮಾಡಿಕೊಡುವ ಮಸೂದೆಯನ್ನು ಅಧ್ಯಕ್ಷ ಗ್ರಾಂಟ್ 1870ರ ಜನವರಿಯಲ್ಲಿ ತಿರಸ್ಕರಿಸಿದರು, ಸ್ವತಃ ಯುದ್ಧ ನಡೆಸಿದ್ದ ಸೇನಾನಿಗೆ ಆ ನಷ್ಟದ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೇಟೆಂಟ್ ಇನ್ನೂ ಜೀವಂತವಾಗಿದ್ದಾಗ ಕೋಲ್ಟ್ ಕಾರ್ಖಾನೆಯ ಅಲೆಕ್ಸಾಂಡರ್ ಥೂಯರ್ ಒಂದು ಅಡ್ಡದಾರಿ ಹುಡುಕಿದ. ಹಿಂದಿನಿಂದ ತುಂಬಿದರೆ ತಾನೆ ತಕರಾರು? ಹಿಂಬದಿ ಕಿರಿದಾಗುತ್ತ ಹೋಗುವ ತೋಟಾವನ್ನು ಮಾಡಿ ಅದನ್ನು ಮುಂದಿನಿಂದಲೇ ತುಂಬುವಂತೆ 1868ರಲ್ಲಿ ಅವನು ಪೇಟೆಂಟ್ ಪಡೆದ. ವಕೀಲರಿಗೆ ಮೆಚ್ಚುಗೆಯಾಗುವ ಉಪಾಯವೇ ಹೊರತು ಸಿಪಾಯಿಗಲ್ಲ. ಸುಮಾರು 5,000 ರಿವಾಲ್ವರುಗಳಷ್ಟೇ ಹಾಗೆ ಮಾರ್ಪಾಡಾದವು.

ಕೆಲಸ ಬಲ್ಲವರ ಕೈಗೆ ವಿಷಯ ಬಂದದ್ದು ಆಮೇಲೆ. 1871ರಲ್ಲಿ ಚಾರ್ಲ್ಸ್ ರಿಚರ್ಡ್ಸ್ ಹಳೆಯ ಸಿಲಿಂಡರಿನ ಹಿಂಭಾಗವನ್ನು ತೆಗೆದು, ಆ ಜಾಗದಲ್ಲಿ ಒಂದು ಬಿಲ್ಲೆಯನ್ನು ಕೂರಿಸಿ, ಗುಂಡು ಗಿಡಿಯುವ ಸನ್ನೆಯಿದ್ದಲ್ಲಿ ಖಾಲಿ ತೋಟಾ ಹೊರದಬ್ಬುವ ಸರಳನ್ನು ಅಳವಡಿಸಿದ. ವಿಲಿಯಂ ಮೇಸನ್ ಅದನ್ನು ಇನ್ನಷ್ಟು ಸರಳ ಮಾಡಿದ. ಯುದ್ಧದಲ್ಲಿ ಉಳಿದ ರಾಶಿ ರಾಶಿ ಬಂದೂಕುಗಳನ್ನೂ ಬಿಡಿಭಾಗಗಳನ್ನೂ ಗುಜರಿಗೆ ಹಾಕದೆ ಬಳಸಬೇಕೆಂಬ ಲೆಕ್ಕಾಚಾರ ಇದರ ಹಿಂದಿತ್ತು. ಹೊಸದನ್ನು ಕಲ್ಪಿಸಿದವನಿಗಿಂತ, ಇದ್ದದ್ದರಲ್ಲಿಯೇ ಹೊಂದಿಸಿದ ಈ ಇಬ್ಬರು ನನಗೆ ಹೆಚ್ಚು ಇಷ್ಟ.

ಈಗ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ. ನೇವಿ ರಿವಾಲ್ವರಿನ ಹೆಸರು .36, ಅಂದರೆ ಒಂದು ಇಂಚಿನ ನೂರರಲ್ಲಿ 36 ಪಾಲು. ಆದರೆ ನಳಿಗೆಯೊಳಗಿನ ಸುರುಳಿ ಗೀರುಗಳ ತಳದಿಂದ ತಳಕ್ಕೆ ಅಳೆದರೆ ಸುಮಾರು 0.375 ಇಂಚು ಸಿಗುತ್ತದೆ, ಗುಂಡು ಅಷ್ಟು ದಪ್ಪವಿರಲೇಬೇಕು. ನೇರವಾಗಿ ಕೊರೆದ ಕೋಣೆಯಲ್ಲಿ ಕೂರುವ ತೋಟಾದ ಹೊರಮೈಯೂ ಹೆಚ್ಚು ಕಡಿಮೆ ಅಷ್ಟೇ ದಪ್ಪ. ಹಾಗಾದರೆ ಗುಂಡು ತೋಟಾದ ಬಾಯೊಳಗೆ ಹೋಗುವುದು ಹೇಗೆ? ಗುಂಡಿನ ಬುಡವನ್ನು ಮಾತ್ರ ಸಣ್ಣದು ಮಾಡಿ, ಹಿಮ್ಮಡಿಯಂತಿರುವ ಆ ಭಾಗವನ್ನು ತೋಟಾದೊಳಗೆ ಇಳಿಸಿದರು, ಉಳಿದ ಮೈ ತೋಟಾದ ಸಮಕ್ಕೆ ಹೊರಗೇ ಉಳಿಯಿತು. .22 ತೋಟಾಗಳಲ್ಲಿ ಇಂದಿಗೂ ಇದೇ ಕ್ರಮವಿದೆ. ಹೀಗೆ ತೋಟಾದ ದಪ್ಪವೇ ಹೆಸರಾಗಿ .36ರ ಕೋವಿ .38ರದ್ದಾಯಿತು, ನಳಿಗೆ ಮಾತ್ರ ಹಿಂದಿನದೇ.

ಹೊರಗುಳಿದ ಗುಂಡಿಗೆ ಜಾರಲೆಂದು ಸವರಿದ ಕೊಬ್ಬು ಜೇಬಿನ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತಿತ್ತು. ಸ್ಮಿತ್ ಆ್ಯಂಡ್ ವೆಸನ್‌ನಿಂದ ರಿವಾಲ್ವರ್ ಕೊಂಡ ರಷ್ಯಾದ ಸೈನ್ಯಕ್ಕೆ ಕೊಬ್ಬು ತೋಟಾದ ಒಳಗಿರುವ ಗುಂಡೇ ಬೇಕಾಯಿತು. ತೋಟಾದ ಗಾತ್ರ ಹಾಗೆಯೇ ಇದ್ದು ಗುಂಡು ಒಳಗೆ ಹೋಗಬೇಕೆಂದರೆ, ತಗಡಿನ ದಪ್ಪದಷ್ಟು ಎರಡೂ ಕಡೆ ಅದು ಬಡವಾಗಬೇಕು. ಮುಂದೆ .38ರಲ್ಲಿಯೂ ಹೀಗೆಯೇ ಆಗಿ ಗುಂಡು 0.357 ಇಂಚಿಗೆ ಇಳಿಯಿತು, ಹೆಸರು ಇಳಿಯಲಿಲ್ಲ. ಸ್ಮಿತ್ ಆ್ಯಂಡ್ ವೆಸನ್ 1935ರಲ್ಲಿ ತನ್ನ ಹೊಸ ತೋಟಾವನ್ನು .357 ಮ್ಯಾಗ್ನಂ ಎಂದು ಕರೆದಾಗ ಮಾತ್ರ ನಿಜವಾದ ಅಳತೆ ಹೆಸರಿಗೆ ಬಂತು. .44 ಮ್ಯಾಗ್ನಂನ ಗುಂಡು 0.429 ಇಂಚು, ಅದನ್ನು .43 ಎನ್ನುವುದೇ ನ್ಯಾಯ. ಆದ್ದರಿಂದ ಸಂಖ್ಯೆ ಒಂದೇ ಎಂದು ನಂಬಿ ಹಳೆಯ ನಳಿಗೆಗೆ ಹೊಸ ತೋಟಾ ಹೊಂದಿಸಲು ಹೊರಡುವವನು ಹೆಸರನ್ನು ಅಳತೆಯೆಂದು ತಿಳಿದು ಮೋಸಹೋಗುತ್ತಾನೆ. ಸಡಿಲವಾದ ಗುಂಡು ಗುರಿ ತಪ್ಪುತ್ತದೆ, ಕಪ್ಪು ಮಸಿಯ ಕಾಲದ ಉಕ್ಕು ಹೊಸ ಮಸಿಯ ಒತ್ತಡ ತಾಳದೆ ಸಿಡಿಯಬಹುದು.

ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಎಡೆಯಿಲ್ಲ. 1959ರ ಆಯುಧ ಕಾಯ್ದೆಯ 5ನೆಯ ಕಲಮು ತಯಾರಿಕೆ, ಮಾರಾಟಗಳ ಜೊತೆಗೆ ಬಂದೂಕಿನ ಪರಿವರ್ತನೆಯನ್ನೂ ದುರಸ್ತಿಯನ್ನೂ ಪರವಾನಗಿಯ ಕೆಳಗೆ ತಂದಿದೆ, ಅದು ಸರಿಯೆಂದೇ ನನ್ನ ಅಭಿಪ್ರಾಯ. ಹಳೆಯ ಸಂಖ್ಯೆಗಳ ಗೊಂದಲ ಮಾತ್ರ ಇಲ್ಲಿಗೂ ಬಂದಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ಕೊಂಡವರ ಪರವಾನಗಿ ಪುಸ್ತಕದಲ್ಲಿ .32 ಬೋರ್ (ಕ್ಯಾಲಿಬರಿಗೆ ಇಲ್ಲಿನ ಹೆಸರು) ಎಂದು ಬರೆದಿರುತ್ತದೆ. ಅದರ ಗುಂಡನ್ನು ಅಳೆದರೆ 0.312 ಇಂಚಿನ ಆಸುಪಾಸಿನಲ್ಲಿರುತ್ತದೆ.