ಗಾಳಿ ಭಾಗ್ಯ: ಯಾರೂ ವಿರೋಧಿಸದ ಒಂದೇ ಒಂದು ಬಿಟ್ಟಿ ಯೋಜನೆ

2023ರಿಂದ ನಮ್ಮ ರಾಜ್ಯದಲ್ಲಿ ಐದು ಗ್ಯಾರಂಟಿ ಬಗ್ಗೆ ಆಗಿರೋ ಜಗಳ ನಿಮಗೆ ಗೊತ್ತೇ ಇದೆ. ಬಸ್ ಫ್ರೀ ಕೊಟ್ರೆ ರಾಜ್ಯ ದಿವಾಳಿ ಅಂತ ಒಬ್ರು, ಕರೆಂಟ್ ಫ್ರೀ ಕೊಟ್ರೆ ಜನ ಸೋಮಾರಿ ಆಗ್ತಾರೆ ಅಂತ ಇನ್ನೊಬ್ರು, ಟಿವಿಲಿ ಕೂತು ಗಂಟಲು ಹರ್ಕೊಂಡಿದ್ದೇ ಹರ್ಕೊಂಡಿದ್ದು. ಆದ್ರೆ ಇವೆಲ್ಲಕ್ಕಿಂತ ಹಳೇ ಗ್ಯಾರಂಟಿ ಇನ್ನೊಂದಿದೆ, ಪೆಟ್ರೋಲ್ ಬಂಕಿನ ಉಚಿತ ಗಾಳಿ. ಗಾಳಿ, ಕುಡಿಯೋ ನೀರು, ಟಾಯ್ಲೆಟ್, ಫಸ್ಟ್ ಏಡ್ ಬಾಕ್ಸ್ ಎಲ್ಲಾ ಬಂಕಲ್ಲಿ ಪುಕ್ಕಟೆ ಇರಬೇಕು ಅಂತ ಆಯಿಲ್ ಕಂಪನಿಗಳದ್ದೇ ರೂಲ್ಸು. ಇದರ ವಿರುದ್ಧ ಇವತ್ತಿನವರೆಗೂ ಒಬ್ಬನೂ ತುಟಿ ಬಿಚ್ಚಿಲ್ಲ, ಯಾಕಂದ್ರೆ ಯಾರಿಗಾದ್ರೂ ಸಿಕ್ಕಿದ್ರೆ ತಾನೇ ಹೊಟ್ಟೆಕಿಚ್ಚು ಪಡೋದು.

ಈ ಯೋಜನೆಯ ಅಸಲಿ ಫಲಾನುಭವಿ ಯಾರಪ್ಪಾ ಅಂದ್ರೆ ಸ್ಲೋ ಲೀಕ್, ಅಂದ್ರೆ ಟೈರಿಂದ ದಿನಾ ಸ್ವಲ್ಪ ಸ್ವಲ್ಪ ಗಾಳಿ ಸೋರೋ ಕಾರಿನ ಓನರ್. ಪೂರ್ತಿ ಪಂಚರ್ ಆದೋನು ಅದೃಷ್ಟವಂತ, ಸ್ಟೆಪ್ನಿ ಹಾಕ್ಕೊಂಡು ಅಂಗಡಿಗೆ ಹೋಗ್ತಾನೆ, ಕಥೆ ಮುಗೀತು. ಸ್ಲೋ ಲೀಕ್‌ನವನದು ತ್ರಿಶಂಕು ಸ್ವರ್ಗ. ಭಾನುವಾರ ಗಾಳಿ ಒತ್ತಡ 33 ಪಿಎಸ್‌ಐ ಇದ್ದಿದ್ದು ಗುರುವಾರಕ್ಕೆ 25, ಟೈರ್ ನೋಡಿದ್ರೆ ಹೊಟ್ಟೆ ಸ್ವಲ್ಪ ಕೆಳಗೆ ಇಳಿದಿದೆ, ಆದ್ರೆ ಗಾಡಿ ಓಡತ್ತೆ, ಓಡತ್ತೆ ಅಂದ್ಮೇಲೆ ರಿಪೇರಿ ಯಾಕೆ, ಬಂಕಲ್ಲಿ ಗಾಳಿ ಹೊಡಿಸ್ಕೊಂಡ್ರೆ ಆಯ್ತಲ್ಲ. ನಮ್ಮ ಊರಿನ ರಸ್ತೆ ಗುಂಡಿ ಮುಚ್ಚೋರ ಫಿಲಾಸಫಿನೂ ಎಕ್ಸಾಕ್ಟ್ಲಿ ಇದೇ, ಹಾಗಾಗಿ ಅವರನ್ನ ಬೈಯೋ ನೈತಿಕ ಹಕ್ಕು ಸ್ಲೋ ಲೀಕ್‌ನವರಿಗಿಲ್ಲ.

ಬಂಕಿಗೆ ಹೋದ್ರೆ ಏನಿರತ್ತೆ? ಮೇಲೆ ಕಂಪನಿಯ ಚೆಂದದ ಬೋರ್ಡು, 'ಉಚಿತ ಗಾಳಿ'. ಅದರ ಕೆಳಗೆ ಬಿಸ್ಕೆಟ್ ಡಬ್ಬದ ರಟ್ಟು ಹರಿದು, ಮಾರ್ಕರಲ್ಲಿ ಬರೆದು, ಹಳೇ ಟ್ಯೂಬಿನ ತುಂಡಲ್ಲಿ ಕಟ್ಟಿ ನೇತು ಹಾಕಿರೋ ಇನ್ನೊಂದು ಬೋರ್ಡು, 'ಗಾಳಿ ಇಲ್ಲ'.

"ಕಂಪ್ರೆಸರ್ ಹೋಗಿದೆ ಸಾರ್."
"ಯಾವಾಗ ರೆಡಿ ಆಗತ್ತೆ?"
"ಹೇಳಿದೀವಿ ಸಾರ್, ಬರ್ತಾರೆ. ನೈಟ್ರೋಜನ್ ಇದೆ, ಹಾಕ್ಲಾ?"

ಇದು ನೋಡಿ ಪವಾಡ. ಪಕ್ಕದಲ್ಲೇ ನೈಟ್ರೋಜನ್ ಮಷಿನ್ನು ಲೈಟ್ ಮಿನುಗಿಸ್ಕೊಂಡು ನಿಂತಿದೆ, ಟೈರಿಗೆ ಇಷ್ಟು ಅಂತ ರೇಟು, ಮೇಲೊಂದು ಹಸಿರು ಕ್ಯಾಪು. ಆ ಮಷಿನ್ನಿಗೆ ನೈಟ್ರೋಜನ್ ಎಲ್ಲಿಂದ ಬರತ್ತೆ? ಆಕಾಶದಿಂದ ಇಳಿಯಲ್ಲ ಸ್ವಾಮಿ, ಕಂಪ್ರೆಸರ್‌ನಿಂದ ಒತ್ತಿದ ಗಾಳಿನ ಒಳಗೆ ತಗೊಂಡು ಆಕ್ಸಿಜನ್ ಸೋಸಿ ಕೊಡೋದಷ್ಟೇ ಅದರ ಕೆಲಸ. ಅಂದ್ರೆ ನೈಟ್ರೋಜನ್ ಇದೆ ಅಂದ್ರೆ ಎಲ್ಲೋ ಒಂದು ಕಂಪ್ರೆಸರ್ ಆರೋಗ್ಯವಾಗಿ ಇದೆ ಅಂತಲೇ ಅರ್ಥ, ಫ್ರೀ ಅಂದ ತಕ್ಷಣ ಮಾತ್ರ ಅದಕ್ಕೆ ಹುಷಾರಿರಲ್ಲ. ಇನ್ನೂ ಮಜಾ ಅಂದ್ರೆ ನಾವು ಉಸಿರಾಡೋ ಗಾಳಿನೇ ನೂರಕ್ಕೆ 78 ಭಾಗ ನೈಟ್ರೋಜನ್. ರಬ್ಬರ್ ಮೂಲಕ ಅದು ಸ್ವಲ್ಪ ನಿಧಾನಕ್ಕೆ ಸೋರತ್ತೆ ಅನ್ನೋದು ನಿಜ, ಆದ್ರೆ ಟೈರಲ್ಲಿ ಮೊಳೆ ಕೂತಿದ್ರೆ ದುಡ್ಡು ಕೊಟ್ಟು ತುಂಬ್ಸಿದ ನೈಟ್ರೋಜನ್ನೂ ಅದೇ ತೂತಲ್ಲಿ, ಅದೇ ಸ್ಪೀಡಲ್ಲಿ ಆಚೆ ಹೋಗತ್ತೆ.

ಮೊಳೆಗೇನು ಬರ ಇಲ್ಲ ಬಿಡಿ. ಬೆಂಗಳೂರಲ್ಲಿ ಒಬ್ಬ ಪುಣ್ಯಾತ್ಮ ಆಫೀಸಿಗೆ ಹೋಗೋ ದಾರೀಲಿ ಮ್ಯಾಗ್ನೆಟ್ ಹಿಡ್ಕೊಂಡು ಔಟರ್ ರಿಂಗ್ ರೋಡಿಂದ ಕೇಜಿಗಟ್ಟಲೆ ಮೊಳೆ ಆರಿಸಿದ್ದ.

ರಿಪೇರಿ ಏನ್ ಮಹಾ ಅಂತೀರಾ? ರಸ್ತೆ ಬದಿ ಪಂಚರ್ ಅಂಗಡಿಗೆ ಹೋಗಿ. ಆ ಹುಡುಗ ವಾಲ್ವ್ ಕ್ಯಾಪ್ ಬಿಚ್ಚಿ, ಬೆರಳಿಗೆ ಉಗುಳು ಹಚ್ಚಿ ವಾಲ್ವ್ ಬಾಯಿಗೆ ಸವರ್ತಾನೆ, ಗುಳ್ಳೆ ಎದ್ರೆ ಒಳಗಿನ ಪಿನ್ನು ಬದಲಾಯಿಸ್ತಾನೆ, ಚಿಲ್ಲರೆ ಕಾಸಿನ ಸಾಮಾನು. ಅಲ್ಲಿ ಗುಳ್ಳೆ ಇಲ್ಲ ಅಂದ್ರೆ ಟೈರಿಗೆಲ್ಲಾ ಸೋಪಿನ ನೀರು. ಮೊಳೆ ಇದ್ರೆ ಕಿತ್ತು, ತೂತನ್ನ ಉಜ್ಜಿ, ಅದಕ್ಕೆ ರಬ್ಬರ್ ಸ್ಟ್ರಿಪ್ ತುರುಕ್ತಾನೆ. ರಿಮ್ಮಿನ ಅಂಚಲ್ಲಿ ಗುಳ್ಳೆ ಬಂದ್ರೆ ಮಾತ್ರ ಅವನು ನಿಮ್ಮನ್ನ ಪಾಪ ಅನ್ನೋ ಥರ ನೋಡ್ತಾನೆ, "ಗುಂಡೀಲಿ ಇಳಿಸಿದೀರಾ ಸಾರ್, ರಿಮ್ ಬೆಂಡು." ರೋಡ್ ಟ್ಯಾಕ್ಸ್ ಕಟ್ಟಿದ್ದ ರಸೀದಿ ತೋರ್ಸಿದ್ರೆ ಡಿಸ್ಕೌಂಟ್ ಏನೂ ಕೊಡಲ್ಲ.

ಅಷ್ಟು ಟೈಮ್ ಇಲ್ಲ, ಬಂಕಿಂದೇ ಗಾಳಿ ಬೇಕು ಅನ್ನೋರಿಗೆ ಒಂದು ಮಂತ್ರ ಹೇಳ್ಕೊಡ್ತೀನಿ. ಜಗಳ ಆಡಬೇಡಿ, ಧ್ವನಿ ಏರಿಸಬೇಡಿ. ತಣ್ಣಗೆ ನಗ್ತಾ, "ಅಣ್ಣಾ, ಸ್ವಲ್ಪ ಕಂಪ್ಲೇಂಟ್ ಬುಕ್ ಕೊಡಿ" ಅನ್ನಿ. ಮೊದಲು ಬುಕ್ಕು ಬೀರುಲಿದೆ ಅಂತಾರೆ, ಆಮೇಲೆ ಬೀರು ಕೀ ಮ್ಯಾನೇಜರ್ ಹತ್ರ ಇದೆ ಅಂತಾರೆ, ಮ್ಯಾನೇಜರ್ ಊಟಕ್ಕೆ ಹೋಗಿದಾರೆ ಅಂತಾರೆ, ಟೈಮು ಬೆಳಿಗ್ಗೆ ಹತ್ತೂವರೆ ಇರತ್ತೆ. "ಪರವಾಗಿಲ್ಲ, ಕಾಯ್ತೀನಿ" ಅಂತ ಜೇಬಿಂದ ಪೆನ್ನು ತೆಗೀರಿ. ಗೋಡೆ ಹಿಂದೆ ಸತ್ತು ಮಲಗಿದ್ದ ಕಂಪ್ರೆಸರ್ ಕೆಮ್ಮಿ ಎದ್ದು ಕೂರತ್ತೆ, ಹುಡುಗ ಪೈಪ್ ಎಳ್ಕೊಂಡು ಓಡಿ ಬಂದು ನಾಲ್ಕೂ ಟೈರಿಗೆ ಹೊಡೆದು, ಕೇಳದೇ ಇದ್ರೂ ಡಿಕ್ಕಿ ತೆಗೀರಿ ಸಾರ್ ಅಂತ ಸ್ಟೆಪ್ನಿಗೂ ಹೊಡೀತಾನೆ.