ಸಾಸಿವೆ ಡಬ್ಬಿಯ ಇಂಟೀರಿಯರ್ ಡಿಸೈನರ್

ನಮ್ಮ ಮನೆ ಗೃಹಪ್ರವೇಶಕ್ಕೆ ಒಂಬತ್ತು ಗೋಡೆ ಗಡಿಯಾರ ಬಂದವು. ಕುಕ್ಕರ್ ಬರಲಿಲ್ಲ, ಮಿಕ್ಸಿ ಬರಲಿಲ್ಲ, ಕುರ್ಚಿಯನ್ನಂತೂ ಯಾರೂ ಹೊತ್ತು ತರುವುದಿಲ್ಲ ಬಿಡಿ. ಗಡಿಯಾರ ಮಾತ್ರ ಒಂಬತ್ತು. ಅದರಲ್ಲಿ ಎರಡು ರಾಧಾಕೃಷ್ಣ, ಒಂದು ವೆಂಕಟರಮಣ. ಇನ್ನೊಂದರಲ್ಲಿ ಗಂಟೆಗೊಮ್ಮೆ ಹಕ್ಕಿ ಕೂಗುತ್ತದೆ. ಕತ್ತಲಾದರೆ ಸುಮ್ಮನಾಗುವ ಹಾಗೆ ಅದಕ್ಕೆ ಏನೋ ವ್ಯವಸ್ಥೆ ಇದೆಯಂತೆ, ರಾತ್ರಿ ನಿದ್ದೆ ಕೆಡಬಾರದು ಅಂತ. ಆದರೆ ನಮ್ಮ ತೀರ್ಥಹಳ್ಳಿಯ ಜುಲೈ ತಿಂಗಳಲ್ಲಿ ಅದು ಮಧ್ಯಾಹ್ನ ಹನ್ನೆರಡಕ್ಕೂ ಕೂಗುವುದಿಲ್ಲ. ಹಕ್ಕಿಯ ತಪ್ಪಲ್ಲ, ಮಳೆಗಾಲದಲ್ಲಿ ನಮ್ಮ ಮನೆಯೊಳಗಿನ ಬೆಳಕೇ ಅಷ್ಟು.

ಮನೆ ಕಟ್ಟಿ ಮುಗಿಸುವ ಹೊತ್ತಿಗೆ ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಅಪ್ಪನ ಹತ್ತಿರ "ಅಡಿಕೆ ದುಡ್ಡು ಬಂದ ಮೇಲೆ ಕೊಡ್ತೀನಿ" ಅಂತ ಮಾತು ಕೊಟ್ಟು ತಂದ ದುಡ್ಡು, ಎಲ್ಲವೂ ಗಾರೆ, ಕಬ್ಬಿಣ, ಟೈಲ್ಸ್ ಅಂತ ಗೋಡೆ ನೆಲದೊಳಗೆ ಸೇರಿಹೋಗಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಕಟ್ಟಿದ ಮನೆಗೆ ಕರ್ಟನ್ ಹಾಕಿ ನೋಡು ಅಂತ ಯಾರೂ ಹೇಳಿರಲಿಲ್ಲ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕರ್ಟನ್ ರೇಟು ಕೇಳಿದೆ. ಬಟ್ಟೆಗೆ ಬೇರೆ, ಹೊಲಿಗೆಗೆ ಬೇರೆ, ರಾಡಿಗೆ ಬೇರೆ, ರಾಡಿನ ತುದಿಯ ಗುಂಡಿಗೂ ಬೇರೆ. ಗಾಂಧಿ ಬಜಾರಿಗೆ ಹೋಗಿ ಎರಡು ಮಸಾಲೆ ಪ್ಯಾಕೆಟ್ ತಗೊಂಡು 60 ಕಿಲೋಮೀಟರ್ ವಾಪಸ್ ಬಂದೆ.

ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ತಿಂಗಳಿಗೆ 500 ರೂಪಾಯಿ. ಸಾಸಿವೆ ಡಬ್ಬಿಯಲ್ಲಿ ಹಾಕುವುದು, ಅದರಲ್ಲೇ ಮನೆ ಚಂದ ಮಾಡುವುದು, ನಿಧಾನವಾಗಿಯೇ ಆಗಲಿ. ಸಮಯವೂ ಲೆಕ್ಕದ್ದೇ. ಊಟದ ಪಾತ್ರೆ ತೊಳೆದು ಮುಗಿದು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಸಿಗುವ ಒಂದೂವರೆ ಗಂಟೆ. ಅದರಲ್ಲೂ ಅರ್ಧ ಗಂಟೆ ಕೂತಲ್ಲೇ ನಿದ್ದೆ ಹೋಗುತ್ತೇನೆ, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮೊದಲು ಗಡಿಯಾರದ ವಿಷಯ. ನಮ್ಮನೆಯವರು ಹೊಸ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲು ಒಪ್ಪಿದ್ದರು. ಗಡಿಯಾರ ಒಂಬತ್ತು, ಮೊಳೆ ಒಂದು. ಹಾಗಾಗಿ ಯಾರು ಬರುತ್ತಾರೋ ಅವರದ್ದು ಗೋಡೆಗೆ, ಉಳಿದ ಎಂಟು ಮಂಚದ ಕೆಳಗೆ. ಫೋನ್ ಬಂದ ಕೂಡಲೇ ಅದಲುಬದಲು ಮಾಡುವುದು ನನ್ನ ಕೆಲಸ. ಏಳೆಂಟು ತಿಂಗಳು ಒಬ್ಬರಿಗೂ ಗೊತ್ತಾಗಲಿಲ್ಲ. ಬಂದವರೆಲ್ಲ ಕಾಫಿ ಕುಡಿಯುತ್ತಾ ಗೋಡೆ ನೋಡಿ, "ನಮ್ಮದೇ ಹಾಕಿದ್ದೀರಲ್ಲ, ಹಾಲಿಗೆ ಸರಿ ಒಪ್ತದೆ" ಅಂತ ಖುಷಿಪಟ್ಟು ಹೋದರು. ನಾನೂ ಇಂಥ ಸಮಾಧಾನದ ಕೆಲಸ ಬೇರೆ ಯಾವುದಿದೆ ಅಂದುಕೊಂಡಿದ್ದೆ.

ಒಂದು ಭಾನುವಾರ ಕೊಪ್ಪದ ದೊಡ್ಡಮ್ಮ ಊಟಕ್ಕೆ ಬರುವವರಿದ್ದರು. ವೆಂಕಟರಮಣನನ್ನು ಒರೆಸಿ ಹಾಕಿಟ್ಟಿದ್ದೆ. ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ನೋಡಿದರೆ ಸಾಗರದ ಸೋದರಮಾವ, ಹೆಗಲ ಮೇಲೆ ಹಲಸಿನಹಣ್ಣು. ಹಕ್ಕಿ ಗಡಿಯಾರ ಇವರದ್ದು. ನಾನು ಅವರನ್ನು ಜಗುಲಿಯಲ್ಲೇ ಕೂರಿಸಿ, ಹಣ್ಣಿನ ಜಾತಿ, ತೋಟದ ಕೊಳೆರೋಗ, ಅವರ ಮಂಡಿನೋವು ಎಲ್ಲ ವಿಚಾರಿಸುತ್ತಾ ಒಳಗೆ ಕಣ್ಣುಸನ್ನೆ ಮಾಡಿದೆ. ನಮ್ಮನೆಯವರು ಒಳಗೆ ಓಡಿ ವೆಂಕಟರಮಣನನ್ನು ಇಳಿಸಿ ಹಕ್ಕಿಯನ್ನು ಏರಿಸಿದರು. ಅಷ್ಟರಲ್ಲಿ ದೊಡ್ಡಮ್ಮನ ಆಟೋ ಬಂತು. ಒಳಗೆ ಬಂದವರು ಸೀದಾ ಗೋಡೆ ನೋಡಿದರು.

"ನಮ್ಮದು ಎಲ್ಲಿ ಮಾರಾಯ್ತಿ?"

"ದೇವರ ಗಡಿಯಾರ ಅಲ್ವಾ ದೊಡ್ಡಮ್ಮ, ದೇವರ ಕೋಣೆಯಲ್ಲಿ..." ಅಂದೆ. ಅವರು ಕಾಲು ತೊಳೆದು ನಮಸ್ಕಾರ ಮಾಡಲು ಅಲ್ಲಿಗೇ ಹೊರಟರು. ನನ್ನ ಐದು ವರ್ಷದ ಮಗ ಹಿಂದಿನಿಂದ ಕೂಗಿದ, "ಅಲ್ಲಿಲ್ಲ ಅಜ್ಜಿ, ಮಂಚದ ಕೆಳಗಿದೆ. ಒಟ್ಟು ಎಂಟಿವೆ, ತೋರಿಸ್ತೀನಿ ಬಾ!"

ಅವತ್ತು ಪಾಯಸಕ್ಕೆ ಯಾರೂ ಎರಡನೇ ಸಲ ಕೈ ಒಡ್ಡಲಿಲ್ಲ.

ಇನ್ನು ಗೋಡೆ. ಹಾಲ್‌ನ ಪಶ್ಚಿಮದ ಗೋಡೆ ಅಂದರೆ ನಮ್ಮ ಮನೆಯ ಮುಖ. ಬಾಗಿಲು ತೆಗೆದರೆ ಕಾಣುವುದು ಅದೇ. ಮೊದಲ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಇಟ್ಟಿಗೆ ಚಿತ್ರದ ಸ್ಟಿಕ್ಕರ್ ವಾಲ್‌ಪೇಪರ್ ನೋಡಿದೆ. ಹಿಂದಿನ ಕಾಗದ ಕಿತ್ತು ಅಂಟಿಸಿದರೆ ಆಯ್ತು, ಐದು ನಿಮಿಷದಲ್ಲಿ ಮನೆ ಬದಲಾಗುತ್ತದೆ ಅಂತ ವಿಡಿಯೋದಲ್ಲಿ ಉಗುರಿಗೆ ಬಣ್ಣ ಹಚ್ಚಿದ ಹುಡುಗಿ ತೋರಿಸಿದಳು. ನನಗೆ ಮೂರು ಮಧ್ಯಾಹ್ನ ಹಿಡಿಯಿತು. ಒಂದು ಮಧ್ಯಾಹ್ನ ಪೂರ್ತಿ ಅದು ನನ್ನ ಕೂದಲಿಗೇ ಅಂಟಿತ್ತು. ಆದರೂ ಮುಗಿದ ಮೇಲೆ ಚಂದ ಕಂಡಿತು, ಸುಳ್ಳು ಹೇಳಬಾರದು. ಅತ್ತೆ ಮಾತ್ರ ಹತ್ತಿರ ಹೋಗಿ ಮುಟ್ಟಿ ನೋಡಿ, "ಲಕ್ಷಗಟ್ಟಲೆ ಕೊಟ್ಟು ಇಟ್ಟಿಗೆ ಮುಚ್ಚೋಕೆ ಗಾರೆ ಮಾಡ್ಸಿದ್ವಿ. ಈಗ ಗಾರೆ ಮುಚ್ಚೋಕೆ ಇಟ್ಟಿಗೆ ತಂದ್ಯಾ?" ಅಂದರು.

ಜೂನ್ ಬಂತು. ಆಗುಂಬೆ ಇಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಸುರಿಯುತ್ತದೆ, ನಮಗೆ ಅಷ್ಟಿಲ್ಲ, ಆದರೆ ಗೋಡೆ ಕೆಡಿಸಲು ಅಷ್ಟೆಲ್ಲ ಬೇಡ. ಮುಂಗಾರಿನ ಗಾಳಿ ಬರುವುದೇ ನೈಋತ್ಯದಿಂದ, ಮಳೆ ಹೊಡೆಯುವುದು ಸೀದಾ ಆ ಪಶ್ಚಿಮದ ಗೋಡೆಗೆ. ಒಂದು ರಾತ್ರಿ ಎರಡು ಗಂಟೆಗೆ ಹಾಲ್‌ನಲ್ಲಿ ಪರ್‌‌ರ್ ಅಂತ ಸದ್ದು. ಇವರು ಕಳ್ಳ ಅಂದುಕೊಂಡು ಹೆಡೆಕತ್ತಿ ಹುಡುಕಿದರು. ಸಿಗಲಿಲ್ಲ, ಛತ್ರಿ ಹಿಡಿದು ಹೋದರು. ಲೈಟ್ ಹಾಕಿದರೆ ಇಟ್ಟಿಗೆ ಗೋಡೆ ಅರ್ಧಕ್ಕೆ ಬಾಗಿ ನಮಗೆ ನಮಸ್ಕಾರ ಮಾಡುತ್ತಿತ್ತು. ಅದರ ಹಿಂದೆ ಕಪ್ಪು, ಹಸಿರು, ಬಿಳಿ, ಮೂರು ಬಣ್ಣದ ಬೂಷ್ಟು.

ಗಾರೆ ಮೇಸ್ತ್ರಿಯನ್ನು ಕರೆಸಿದೆ. ಅವರು ಗೋಡೆಗೆ ಬೆರಳಲ್ಲಿ ಕುಟ್ಟಿ, ಕಿವಿ ಇಟ್ಟು, ಡಾಕ್ಟರ ಹಾಗೆ ತಲೆ ಆಡಿಸಿದರು. ಕಿಟಕಿಯ ಕೆಳಗೆ ಹೊರಗಡೆ ಗಾರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಂತೆ. ಅಲ್ಲಿಂದ ಇಳಿದ ನೀರು ಒಳಗಿನ ಮುಖಕ್ಕೆ ಬಂದು ಆರಬೇಕು, ಆರುವ ಜಾಗಕ್ಕೆ ನಾನು ಪ್ಲಾಸ್ಟಿಕ್ ಹೊದಿಸಿದ್ದೇನೆ. "ಗೋಡೆಗೂ ಉಸಿರಾಡ್ಬೇಕಲ್ಲ ಅಕ್ಕಾ" ಅಂದರು. ಈಗ ಒದ್ದೆಯಲ್ಲಿ ಏನು ಬಳಿದರೂ ನಿಲ್ಲದು, ಮಳೆ ಹೋಗಿ ಜನವರಿ ಹೊತ್ತಿಗೆ ಗೋಡೆ ಪೂರ್ತಿ ಒಣಗಬೇಕು, ಮೊದಲು ಹೊರಗಿನ ಬಿರುಕು ಮುಚ್ಚಬೇಕು, ಆಮೇಲೆ ಒಳಗಿನ ಬಣ್ಣ. ಹೊರಗೋಡೆಗೆ ನೀರು ಹೊಡೆಯದ ಹಾಗೆ ಶೀಟ್ ಇಳಿಸಿದರೆ ಇನ್ನೂ ಒಳ್ಳೆಯದು, ಎಲ್ಲ ಸೇರಿ 18,000 ಆದೀತು ಅಂದರು. ಸಾಸಿವೆ ಡಬ್ಬಿಯ ಲೆಕ್ಕದಲ್ಲಿ 36 ತಿಂಗಳು.

ನನ್ನ ತವರಿನ ಹಳೇ ಮನೆಗೆ ಮಣ್ಣಿನ ಗೋಡೆ, ಸುಣ್ಣ, ಮೇಲೆ ಮಂಗಳೂರು ಹೆಂಚು. ಸೂರು ಎಷ್ಟು ಮುಂದೆ ಚಾಚಿತ್ತೆಂದರೆ ಮಳೆಗೆ ಗೋಡೆ ಸಿಗುತ್ತಲೇ ಇರಲಿಲ್ಲ. ಅಷ್ಟಾದರೂ ಮಳೆಗಾಲ ಬಂತೆಂದರೆ ಅಜ್ಜ ಗಾಳಿ ಬರುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆಗ ನಮಗೆ ಅದು ನಾಚಿಕೆ, ಫ್ರೆಂಡ್ಸ್ ಬಂದರೆ ಕೊಟ್ಟಿಗೆ ಥರ ಕಾಣುತ್ತೆ ಅಂತ. ಈಗ ಮೇಸ್ತ್ರಿ 18,000ಕ್ಕೆ ಹೇಳಿದ್ದೂ ಅದನ್ನೇ, ಸೋಗೆ ಬದಲು ಶೀಟ್ ಅಷ್ಟೇ.

ಗೋಡೆ ಒಣಗುವವರೆಗೆ ಬೇರೆ ಕಡೆ ಕೈ ಹಾಕೋಣ ಅಂತ ಬಿದಿರಿನ ಬುಟ್ಟಿಗೆ ಬಂದೆ. ಸಂತೆಯಲ್ಲಿ 120 ರೂಪಾಯಿಗೆ ಬುಟ್ಟಿ, ಬೋರಲು ಹಾಕಿ ಒಳಗೊಂದು ಬಲ್ಬು. ಗೋಡೆ ತುಂಬ ನೆರಳಿನ ಬಲೆ ಬಿದ್ದು ಏನು ಚಂದ ಅಂತೀರಿ! "ಕೋಳಿ ಮುಚ್ಚೋದನ್ನ ಮೇಲೆ ಯಾಕೆ ಕಟ್ಟಿದ್ದೀಯೇ?" ಅಂದರು ಅತ್ತೆ. ಹದಿನೈದು ದಿನಕ್ಕೆ ಸೋಫಾ ಮೇಲೆ ಹಳದಿ ಹಿಟ್ಟು ಉದುರತೊಡಗಿತು. ನಾನು ಮಗನಿಗೆ ಬಿಸ್ಕತ್ತು ಸೋಫಾ ಮೇಲೆ ತಿನ್ನಬೇಡ ಅಂತ ನಾಲ್ಕು ದಿನ ಬೈದೆ, ಪಾಪ. ಹಿಟ್ಟು ಬುಟ್ಟಿಯದ್ದು, ಒಳಗೆ ಹುಳ ಕೊರೆಯುತ್ತಿತ್ತು. ಹಸಿ ಬಿದಿರಿನಲ್ಲಿ ಹುಳಕ್ಕೆ ಬೇಕಾದ ಪಿಷ್ಟ ಇರುತ್ತದೆ, ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟರೆ ಅದು ಕರಗಿ ಹೋಗುತ್ತದೆ, ಹಳಬರು ಹಾಗೇ ಮಾಡುತ್ತಿದ್ದರು ಅಂತ ಅಪ್ಪ ಆಮೇಲೆ ಫೋನಿನಲ್ಲಿ ಹೇಳಿದರು. ಆಮೇಲೆ ಹೇಳುವುದು ಅಪ್ಪನ ಅಭ್ಯಾಸ.

ಅಪ್ಪನದ್ದೇ ಇನ್ನೊಂದು. ಹೆಗ್ಗೋಡಿನ ಚರಕ ಅನ್ನುವ ಹೆಂಗಸರ ಸಹಕಾರ ಸಂಘದವರ ಕೈಮಗ್ಗದ ಬಟ್ಟೆ ನನಗೆ ಮೊದಲಿಂದ ಇಷ್ಟ. ಗಿಡ, ಸಿಪ್ಪೆಗಳಿಂದ ತೆಗೆದ ಬಣ್ಣ, ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರಿನ ಕಂದುಬಣ್ಣವಂತೂ ನೋಡುತ್ತಾ ಕೂರಬಹುದು. ಎರಡು ತಿಂಗಳ ದುಡ್ಡು ಸೇರಿಸಿ ದಿವಾನಕ್ಕೆ ಹೊದಿಕೆ, ಎರಡು ದಿಂಬಿನ ಕವರ್ ಮಾಡಿಸಿದೆ. ಅಪ್ಪ ಬಂದು ಕೂತು, ಕೈಯಾಡಿಸಿ, ಇದೆಂತ ಬಣ್ಣ ಅಂದರು. ಚೊಗರು ಅಂದೆ. ಅವರು ಒಂದು ನಿಮಿಷ ಮಾತಾಡಲಿಲ್ಲ. ಅಡಿಕೆ ಬೇಯಿಸುವಾಗ ಲಂಗಕ್ಕೆ ಚೊಗರು ಮಾಡಿಕೊಂಡಿದ್ದಕ್ಕೆ ಅಮ್ಮನಿಂದ ನಾನು ಎಷ್ಟು ಹೊಡೆತ ತಿಂದಿದ್ದೆ ಅಂತ ಅವರಿಗೂ ನೆನಪಾಗಿರಬೇಕು. ಕೊನೆಗೆ, "ನಮ್ಮನೇಲಿ ಬಚ್ಚಲು ಒರೆಸೋ ಬಟ್ಟೆ ಎಲ್ಲ ಇದೇ ಬಣ್ಣ. ಒಂದು ಮಾತು ಹೇಳಿದ್ರೆ ಕಳಿಸ್ತಿದ್ದೆ" ಅಂದರು. ಆ ಹೊದಿಕೆ ಇನ್ನೂ ಇದೆ, ನನ್ನ ಖರ್ಚಿನಲ್ಲಿ ಕೊನೆಗೂ ಉಳಿದ ಒಂದೇ ವಸ್ತು.

ಜನವರಿ ಬಂತು. ಎಳ್ಳಮಾವಾಸ್ಯೆ ಜಾತ್ರೆ, ಅತ್ತೆಯ ಕಣ್ಣಿನ ಆಪರೇಷನ್, ಮಗಳ ಶಾಲೆ ಫೀಸು. ಬಿರುಕು ಹಾಗೇ ಉಳಿಯಿತು, ಕಲೆ ಒಣಗಿ ಕಂದುಬಣ್ಣದ ನಕ್ಷೆಯಾಗಿ ನಿಂತಿತು. ಆಗ ನನ್ನ ತಲೆಗೆ ಬಂದದ್ದು ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುತ್ತಾರಲ್ಲ, ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಬರೆಯುತ್ತಾರೆ, ಅದು. ಅಂಗಡಿಯ ಬಣ್ಣವೇ ಬೇಡ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಸೀಯುವವರೆಗೆ ಹುರಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಅಕ್ಕಿ ಸೀಯಿಸುವುದರಲ್ಲಿ ನನಗೆ ಹದಿನಾಲ್ಕು ವರ್ಷದ ಅನುಭವ. ಉಳಿದದ್ದು ಕಲಿತರಾಯ್ತು ಅಂದುಕೊಂಡೆ.

ಸಾಗರದ ಕಡೆಯ ಗೆಳತಿಯೊಬ್ಬಳ ಅಮ್ಮ ಸ್ಕೇಲಿಲ್ಲದೆ ಗೋಡೆಯುದ್ದಕ್ಕೆ ಗೆರೆ ಎಳೆಯುವುದನ್ನು ನೋಡಿದ್ದೆ, ದಾರ ಹಿಡಿದ ಹಾಗೆ ನೇರ. ನಾನು ಎಳೆದ ಮೊದಲ ಗೆರೆ ಆಗುಂಬೆ ಘಾಟಿಯ ರಸ್ತೆಯಂತೆ ಬಂತು. ಎರಡನೆಯದು ಅದನ್ನು ಸರಿಮಾಡಲು, ಮೂರನೆಯದು ಎರಡನೆಯದನ್ನು ಮುಚ್ಚಲು. ಶಾಲೆಯಿಂದ ಬಂದ ಮಗಳು, "ಅಮ್ಮಾ, ಗ್ರಾಫ್ ಪೇಪರ್ ತಂದುಕೊಡಲಾ?" ಅಂದಳು. ಪಕ್ಕದ ಮನೆಯವರು ಇಣುಕಿ, ಹಸೆ ಗೋಡೆ ಅಂತ ಗುರುತು ಹಿಡಿದು, "ಯಾರ ಮದುವೆ? ನಮಗೆ ಹೇಳಲೇ ಇಲ್ವಲ್ಲ" ಅಂತ ಬೇಜಾರು ಮಾಡಿಕೊಂಡರು. ಆ ಗುರುತಿಗೆ ನಾನು ಒಳಗೊಳಗೇ ಹಿಗ್ಗಿದೆ. ಬೆಳಗ್ಗೆ ಎದ್ದರೆ ಅಕ್ಕಿ ಹಿಟ್ಟಿನ ಗೆರೆಯುದ್ದಕ್ಕೂ ಕೆಂಪಿರುವೆ ಸಾಲು, ಅದೂ ನನ್ನ ಗೆರೆಗಿಂತ ನೇರ.

ಅದರ ಮೇಲೆ ಎರಡನೇ ಮಳೆಗಾಲ. ಮಳೆಗಾಲದಲ್ಲಿ ನಮ್ಮ ಕಡೆಯ ಹಾಲ್ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಕಿಟಕಿ ಸರಳಿನಿಂದ ಬಾಗಿಲ ಚಿಲಕದವರೆಗೆ ನೈಲಾನ್ ಹಗ್ಗ, ಅದರ ಮೇಲೆ ಯೂನಿಫಾರ್ಮು, ಅತ್ತೆಯ ಸೀರೆ, ಇವರ ಬನಿಯನ್ನು, ಫ್ಯಾನಿನ ಕೆಳಗೆ ಸರತಿಯಲ್ಲಿ ಸಾಕ್ಸು. ಬಂದವರು ಸೀರೆ ಸರಿಸಿಕೊಂಡು ಒಳಗೆ ಬರಬೇಕು, ನಾಟಕದ ಪರದೆಯಂತೆ. ವಿಡಿಯೋದ ಆ ಉಗುರುಬಣ್ಣದ ಹುಡುಗಿಯರ ಮನೆಯಲ್ಲಿ ಒಂದು ದಿನವೂ ಹಗ್ಗ ಕಾಣುವುದಿಲ್ಲ ನೋಡಿ. ಅವರು ಬಟ್ಟೆ ಒಗೆಯುತ್ತಾರೋ ಇಲ್ಲವೋ! ಒಂದು ಲಾಭ ಇತ್ತು, ಹಗ್ಗದಲ್ಲಿ ಬಟ್ಟೆ ಇರುವಷ್ಟು ದಿನ ಗೋಡೆಯ ಕಲೆ ಕಾಣುವುದಿಲ್ಲ. ಮಳೆ ಬಿಟ್ಟು ಹಗ್ಗ ಬಿಚ್ಚಿದ ದಿನ ಅದು ಮತ್ತೆ ಎದುರಿಗೆ ನಿಂತಿತು, ಮೊದಲಿಗಿಂತ ದೊಡ್ಡದಾಗಿ.

ದೊಡ್ಡಮ್ಮನ ಜೊತೆ ಮಾತು ಇನ್ನೂ ಸರಿಯಾಗಿರಲಿಲ್ಲ. ಆ ಮಧ್ಯಾಹ್ನ ಮಂಚದ ಕೆಳಗೆ ಕಸ ಗುಡಿಸುತ್ತಿದ್ದವಳಿಗೆ ಪೊರಕೆಗೆ ಗಡಿಯಾರ ತಾಗಿತು. ಅಲ್ಲೇ ಕೂತು ಒಂದಾದ ಮೇಲೊಂದು ಎಲ್ಲವನ್ನೂ ಎಳೆದೆ. ಇವರು ಬರುವುದರೊಳಗೆ ಎಂಟು ಹೊಸ ಮೊಳೆ ಹೊಡೆದು ಮುಗಿಸಿದ್ದೆ, ಕಲೆಯ ಮೇಲೆಯೇ, ಕಲೆ ಎಲ್ಲೆಲ್ಲಿ ಚಾಚಿತ್ತೋ ಅಲ್ಲಲ್ಲಿ. ಒಂಬತ್ತು ಸೆಲ್ಲಿಗೆ 180 ರೂಪಾಯಿ, ಒಟ್ಟು ಖರ್ಚು ಅಷ್ಟೇ. ಬಾಗಿಲಲ್ಲಿ ನಿಂತು ನೋಡಿದ ಇವರು ಚಪ್ಪಲಿ ಬಿಡುವುದನ್ನೂ ಮರೆತರು. ಅತ್ತೆ ಹೊಸ ಕಣ್ಣಲ್ಲಿ ನೋಡಿ, "ರೈಲು ಎಷ್ಟೊತ್ತಿಗೆ?" ಅಂದರು.

ಆದರೆ ಮನೆಗೆ ಬಂದವರೆಲ್ಲ ಈಗ ಅದನ್ನೇ ಹೊಗಳುತ್ತಾರೆ. ಬೆಂಗಳೂರಿಂದ ಬಂದ ನಾದಿನಿ ಇದು ಯಾರ ಐಡಿಯಾ ಅಂತ ಕೇಳಿ ಫೋಟೋ ಬೇರೆ ತೆಗೆದುಕೊಂಡಳು. ದೊಡ್ಡಮ್ಮ ಬಂದರು, ನಡುವೆ ಇದ್ದ ವೆಂಕಟರಮಣನನ್ನು ನೋಡಿ ಕೆನ್ನೆ ಬಡಿದುಕೊಂಡು, ಎರಡು ಸಲ ಪಾಯಸ ಹಾಕಿಸಿಕೊಂಡರು. ಒಂಬತ್ತೂ ಒಂದೇ ಟೈಮ್ ತೋರಿಸುವುದಿಲ್ಲ ಅನ್ನುವುದೊಂದೇ ತೊಂದರೆ. ಶಾಲೆಗೆ ಹೊರಡುವಾಗ ಮಗಳು ಮುಂದಿರುವುದನ್ನು ನೋಡುತ್ತಾಳೆ, ಮಗ ಹಿಂದಿರುವುದನ್ನು.

ಈ ಜುಲೈನಲ್ಲಿ ರಾಧಾಕೃಷ್ಣರ ಬಲಗಡೆ ಕಲೆ ಒಂದು ಗೇಣು ಹೊರಗೆ ಬಂದಿದೆ. ಇವರು ನಿನ್ನೆ ಊಟ ಮಾಡುತ್ತಾ ಅದನ್ನೇ ನೋಡುತ್ತಿದ್ದರು. ಆಮೇಲೆ, "ಒಂದು ಸತ್ಯನಾರಾಯಣ ಪೂಜೆ ಇಟ್ಟುಕೊಂಡು ನಾಲ್ಕು ಜನರನ್ನು ಕರೆದರೆ ಹೇಗೆ?" ಅಂದರು.