ಕಾಸು ಕೊಟ್ಟು ಕೂಲಿಗೆ ಹೋದದ್ದು

ನನ್ನ ಎಡಗೆನ್ನೆಯ ಮೇಲೆ ಈಗ ಒಂದು ಕಪ್ಪು ಕಲೆ ಇದೆ. ಎಂಟಾಣೆಯಷ್ಟು ಅಗಲ, ಕೆಳಗೊಂದು ಬಾಲ. ಆಫೀಸಿನಲ್ಲಿ ಸೋಮವಾರದಿಂದ ಎಲ್ಲರೂ ಅದನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಿದ್ದಾರೆ. ಒಬ್ಬ ಮಾತ್ರ ಧೈರ್ಯ ಮಾಡಿ, "ಮನೇಲಿ ಎಲ್ಲಾ ಸರಿ ಇದೆಯಾ ಸಾರ್?" ಅಂದ. ಮಾವಿನ ಸೊನೆ ಕಣಯ್ಯಾ ಅಂದೆ. ನಂಬಿದ ಮುಖವಲ್ಲ ಅದು.

ಇದಕ್ಕೆಲ್ಲ ಮೂಲ ಮಗಳ ಶಾಲೆಯ ವಾಟ್ಸಾಪ್ ಗ್ರೂಪು. ಯಾರೋ ಮಾವಿನ ತೋಪಿಗೆ ಹೋಗಿ ತಾವೇ ಹಣ್ಣು ಕಿತ್ತ ಫೋಟೋ ಹಾಕಿದ್ದರು. "ನಮ್ಮ ಮಕ್ಕಳಿಗೆ ಹಣ್ಣು ಮರದಲ್ಲಿ ಬಿಡುತ್ತೆ ಅನ್ನೋದೇ ಗೊತ್ತಿಲ್ಲ" ಎಂದಳು ನನ್ನಾಕೆ. ಗೊತ್ತಾಗದೆ ಇಷ್ಟು ವರ್ಷ ಚೆನ್ನಾಗೇ ಇದ್ದವಲ್ಲ ಅಂತ ನಾನು ಅನ್ನಲಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ಹೊರಡುವುದೆಂದು ತೀರ್ಮಾನಿಸಿ ಎಂಟೂವರೆಗೆ ಹೊರಟೆವು. ಹೊಸಕೋಟೆಯ ಟೋಲು, ಕೋಲಾರದಲ್ಲಿ ತಟ್ಟೆ ಇಡ್ಲಿ, ಮಗನ ಎರಡು ವಾಂತಿ, ಶ್ರೀನಿವಾಸಪುರ.

ರಾಮನಗರದ ಕಡೆ ಮಾವು ಬೇಗ ಮುಗಿಯುತ್ತದೆ. ಜೂನ್ ಬಂತೆಂದರೆ ಕೋಲಾರ ಜಿಲ್ಲೆಗೇ ಹೋಗಬೇಕು. ತೋಪಿನ ಬಾಗಿಲಲ್ಲಿ ತಲೆಗೆ 200 ರೂಪಾಯಿ ತೆಗೆದುಕೊಂಡರು. ಜೊತೆಗೆ ತಲೆಗೆ 4 ಕಿಲೋದಂತೆ ಕೊಂಡುಕೊಳ್ಳಲೇಬೇಕಂತೆ. ಐದು ತಲೆಗೆ ಲೆಕ್ಕ ಹಾಕಿ ಅಮ್ಮ, "ಕೂಲಿಗೆ ಕರೆದೋರು ದುಡ್ಡು ಕೊಡೋದು ನೋಡಿದ್ದೆ, ಇಸ್ಕೊಳೋದು ಇದೇ ಮೊದಲು" ಎಂದಳು.

ಕೈಗೊಂದು ದೋಟಿ ಕೊಟ್ಟರು. ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಕೆಳಗೆ ಬಲೆ. "ಒಂದಿಂಚು ತೊಟ್ಟು ಬಿಟ್ಟು ಕೀಳಿ ಸಾರ್, ಇಲ್ಲಾಂದ್ರೆ ಸೊನೆ ಹಾರುತ್ತೆ" ಎಂದರು ತೋಟದ ಯಜಮಾನರು. "ನಾನೂ ಹಳ್ಳಿಯವನೇ" ಎಂದೆ. ಆ ಮಾತು ಈಗ ಎಡಗೆನ್ನೆಯ ಮೇಲಿದೆ. ಕೆಳಗೆ ನಿಂತು ಫೋನ್ ಹಿಡಿದಿದ್ದ ನನ್ನಾಕೆ "ಇನ್ನೊಂದ್ಸಲ ಮಾಡಿ, ಬಂದಿಲ್ಲ" ಎಂದದ್ದರಿಂದ ಕತ್ತೆತ್ತಿ ಎರಡನೇ ಸಲ ಎಳೆದೆ. ತೊಟ್ಟು ಮರದಲ್ಲೇ ಉಳಿಯಿತು, ಸೊನೆ ನನ್ನ ಮೇಲೆ ಬಿತ್ತು, ವಿಡಿಯೋ ಚೆನ್ನಾಗಿ ಬಂತು.

ಮಗ ಬಲೆಯೊಳಗೆ ಇಣುಕಿ, "ಅಪ್ಪಾ, ಇದು ಹಸಿರು. ಹಣ್ಣೆಲ್ಲಿ?" ಅಂದ. ಇದು ಬಲಿತ ಕಾಯಿ, ಮನೆಗೆ ಒಯ್ದು ಇಟ್ಟರೆ ವಾರದಲ್ಲಿ ಹಣ್ಣಾಗುತ್ತದೆ, ಮರದಲ್ಲೇ ಹಣ್ಣಾಗಲು ಯಾರೂ ಬಿಡುವುದಿಲ್ಲ ಎಂದು ಯಜಮಾನರು ತಾಳ್ಮೆಯಿಂದ ಹೇಳಿದರು. "ಮತ್ತೆ ಬೋರ್ಡಲ್ಲಿ ಹಣ್ಣು ಅಂತ ಯಾಕೆ ಬರೆದಿದೀರಾ?" ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಅವನು ಇರುವೆ ಗೂಡು ನೋಡುತ್ತಾ ಕೂತ. ಮಗಳು ನೆಟ್‌ವರ್ಕ್ ಸಿಗುವ ಮರ ಹುಡುಕಿಕೊಂಡು ಹೋದಳು.

ಅಮ್ಮ ದೋಟಿ ಮುಟ್ಟಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮರದಿಂದ ಮರಕ್ಕೆ ಬಗ್ಗಿಕೊಂಡೇ ಹೋಗುತ್ತಾ ಉದುರಿದ್ದನ್ನೆಲ್ಲ ಮಡಿಲಿಗೆ ಹಾಕಿಕೊಂಡಳು. ಕಾವಲುಗಾರ ಓಡಿ ಬಂದ.

"ಅಜ್ಜೀ, ಅದಕ್ಕೂ ತೂಕ ಐತೆ."

"ನಾನು ಕಿತ್ತಿಲ್ವಲ್ಲಪ್ಪ."

"ಬಿದ್ದಿರೋದೂ ನಮ್ದೇ."

"ಗಾಳಿಗೆ ಬಿದ್ದಿದ್ದು ಗಾಳೀದು. ನೀನು ಬೀಳಿಸಿದ್ದಾ?"

"ಇಲ್ಲ."

"ನಾನು?"

"ಇಲ್ಲ."

"ಮತ್ತೆ?"

ಅವನು ಪಾಪ ನನ್ನ ಮುಖ ನೋಡಿದ. ನಾನು ಸೊನೆ ಒರೆಸುವುದರಲ್ಲಿ ಮಗ್ನನಾದೆ. ತರಕಾರಿ ಅಂಗಡಿಯಲ್ಲಿ ಕರಿಬೇವು, ಚಿನ್ನದಂಗಡಿಯಲ್ಲಿ ಕ್ಯಾಲೆಂಡರು, ಮದುವೆಮನೆಯಲ್ಲಿ ಎರಡನೇ ತೆಂಗಿನಕಾಯಿ, ಎಲ್ಲಾ ಕಡೆಯೂ ಅಮ್ಮ ಹೀಗೇ ಒಂದು ನ್ಯಾಯ ತೆಗೆಯುತ್ತಾಳೆ, ಎದುರಿಗಿದ್ದವರು ಸೋಲುತ್ತಾರೆ. ಕಾವಲುಗಾರ ಕೊನೆಗೆ ತಾನೇ ಎರಡು ಕಾಯಿ ಆರಿಸಿ ಮಡಿಲಿಗೆ ಹಾಕಿ, "ಉಪ್ಪಿನಕಾಯಿಗೆ ಚೆನ್ನಾಗಿರ್ತೈತೆ" ಅಂದು ಹೋದ.

ಹಾಗೆ ಬಗ್ಗಿದ್ದಾಗಲೇ ಅವಳಿಗೆ ಗಿಣಿ ಕಚ್ಚಿದ ಹಣ್ಣೊಂದು ಸಿಕ್ಕಿತು. ಇಡೀ ತೋಪಿನಲ್ಲಿ ಅವತ್ತು ನಮಗೆ ಕಂಡ ಹಣ್ಣು ಅದೊಂದೇ. ಕಚ್ಚಿದ ಭಾಗವನ್ನು ಉಗುರಿನಿಂದ ತೆಗೆದು, ಬುಡಕ್ಕೊರಗಿ ಕೂತು ತಿನ್ನತೊಡಗಿದಳು. "ನಿಮ್ಮಪ್ಪ ಇಂಥದ್ದನ್ನೇ ಹುಡುಕೋರು. ಗಿಣಿಗಿಂತ ರುಚಿ ಗೊತ್ತಿರೋರು ಯಾರು ಅನ್ನೋರು." ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ವಾಟೆಯನ್ನು ನೆಕ್ಕಿ ನೆಕ್ಕಿ ಬೆಳ್ಳಗಾದ ಮೇಲೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಪ್ಪ ಹೋಗಿ ಆರು ವರ್ಷವಾಯಿತು.

ತೂಕಕ್ಕೆ ನಿಂತಾಗ ನಾನು ಚೌಕಾಸಿಗೆ ಬಾಯಿ ತೆರೆದಿದ್ದೆ. ಯಜಮಾನರು ತಕ್ಕಡಿ ನೋಡುತ್ತಲೇ 2025ರ ಜೂನಿನ ಮಾತು ತೆಗೆದರು. ಇವರ ತೋತಾಪುರಿ ಹೆಚ್ಚಾಗಿ ಹೋಗುವುದು ಪಕ್ಕದ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳಿಗೆ. ಆ ವರ್ಷ ಅಲ್ಲಿಯವರು ಹೊರರಾಜ್ಯದ ಕಾಯಿ ಬೇಡವೆಂದು ತಡೆದುಬಿಟ್ಟರು. "ಕೀಳೋ ಕೂಲಿನೂ ಹುಟ್ಟಲಿಲ್ಲ ಸಾರ್. ಅದಕ್ಕೇ ಈಗ ನಿಮ್ಮನ್ನ ಕರೆದಿರೋದು." ಬಾಯಿ ಮುಚ್ಚಿಕೊಂಡು 22 ಕಿಲೋ ಬಾದಾಮಿ, ರಸಪುರಿಗೆ ದುಡ್ಡು ಕೊಟ್ಟೆ.

ಹಣ್ಣು ಮಾಡಲು ಹುಲ್ಲು ಬೇಕು. ಹುಲ್ಲಿಲ್ಲದಿದ್ದರೆ ಹಳೇ ಪೇಪರಾದರೂ ಬೇಕು. ನಾವು ಪೇಪರ್ ನಿಲ್ಲಿಸಿ ನಾಲ್ಕು ವರ್ಷ. ಸುದ್ದಿಯೆಲ್ಲ ಮೊಬೈಲಿನಲ್ಲೇ ಬರುತ್ತದೆ, ಆದರೆ ಮೊಬೈಲಿನಲ್ಲಿ ಮಾವಿನಕಾಯಿ ಸುತ್ತಲಾಗುವುದಿಲ್ಲ. ಎದುರುಮನೆಯ ನಿವೃತ್ತ ಮೇಷ್ಟ್ರ ಹತ್ತಿರ ಒಂದು ಕಟ್ಟು ಕಡ ತಂದು ಮಂಚದ ಕೆಳಗೆ ಹಾಸಿದೆವು. ಪದಬಂಧ ಬಿಡಿಸದೆ ಉಳಿದ ಪುಟಗಳನ್ನು ವಾಪಸ್ ಕೊಡಬೇಕಂತೆ.

ಅಂದಿನಿಂದ ರಾತ್ರಿ ಹತ್ತಕ್ಕೆ ತಪಾಸಣೆ. ಅಮ್ಮ ಟಾರ್ಚ್ ಹಿಡಿದು ಮಂಚದ ಕೆಳಗೆ ತೂರಿ ಒಂದೊಂದನ್ನೇ ಎತ್ತಿ, ತೊಟ್ಟಿನ ಹತ್ತಿರ ಮೂಸಿ, "ಇನ್ನೂ ಇಲ್ಲ" ಎಂದು ಹೊರಳಿಸಿಡುತ್ತಾಳೆ. ಮಂಚದ ಮೇಲೆ ಮಲಗಿದ ನನಗೆ ಅರವತ್ತು ಸಲ "ಇನ್ನೂ ಇಲ್ಲ" ಕೇಳುತ್ತದೆ. ಬೇರೆಯವರು ಮುಟ್ಟುವಂತಿಲ್ಲ, ಒತ್ತಿದರೆ ಕೊಳೆಯುತ್ತದಂತೆ.

ನಿನ್ನೆ ಸಂಜೆ ಬೀದಿಯಲ್ಲಿ ತಳ್ಳುಗಾಡಿಯವನ ಕೂಗು ಕೇಳಿತು. ಬಾಲ್ಕನಿಯ ಕುಂಡದಲ್ಲಿ ಹೂತ ವಾಟೆಗೆ ನೀರು ಹಾಕುತ್ತಿದ್ದ ಅಮ್ಮ ಚೊಂಬು ಕೆಳಗಿಟ್ಟು, ನಾನು ಏನಾಗುತ್ತಿದೆ ಅನ್ನುವುದರೊಳಗೆ ಚೀಲ ಹಿಡಿದು ಇಳಿದಳು. ಎರಡು ಕಿಲೋ ರಸಪುರಿ, ಕಳಿತ ಹಣ್ಣು, ಮೇಲೊಂದು ಕೊಸರು. ರಾತ್ರಿ ಚಪಾತಿಗೆ ಸೀಕರಣೆ ಮಾಡಿದಳು. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು, ಆದರೂ ಮಗ ಬಟ್ಟಲು ನೆಕ್ಕಿದ.

"ಎಲ್ಲಿಯ ಹಣ್ಣಂತೆ?" ಕೇಳಿದೆ.

"ಶ್ರೀನಿವಾಸಪುರದ್ದಂತೆ" ಎಂದು ಟಾರ್ಚ್ ತೆಗೆದುಕೊಂಡು ಮಂಚದ ಕೆಳಗೆ ಹೋದಳು.